ಅಮ್ಮನಿಂದ ಏನು ಮುಚ್ಚಿಟ್ಟಿದ್ದಾಳೆ?

ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಕಣ್ಣು ಕಾಣದ, ನಡೆಯಲಾಗದ ಮಕ್ಕಳ ಪಾತ್ರಗಳೂ ಬರುತ್ತವೆ. ಆದರೆ ಅವರಲ್ಲಿ ಬಹಳಷ್ಟು ಮಂದಿ ಒಮ್ಮೆಯೂ ಅಮ್ಮನಿಗೆ ಎದುರು ಮಾತಾಡುವುದಿಲ್ಲ. ಸಂಜೆಯಾದರೆ ಕೊಳಲು ನುಡಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ಒಂದೋ ಬಹುಮಾನ, ಇಲ್ಲಾ ಆಪರೇಷನ್. ಮನೆಯಲ್ಲಿ 15 ವರ್ಷದವರು ಇದ್ದರೆ ಇದನ್ನು ನಂಬೋದು ಕಷ್ಟ.

ಹಾಗಾಗಿ ಲೇಖಕರಿಗೆ ನಾನು ಮೊದಲು ಕೇಳುವುದು ಇದನ್ನೇ: ಈ ಹುಡುಗಿ ಅಮ್ಮನಿಂದ ಏನು ಮುಚ್ಚಿಟ್ಟಿದ್ದಾಳೆ?

ಅವಳಿಗೆ ಕಣ್ಣು ಕಾಣುವುದಿಲ್ಲ ಅಂದುಕೊಳ್ಳಿ. ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಪರದೆ ಮೇಲಿರುವುದನ್ನೆಲ್ಲ ಅದು ಓದಿ ಹೇಳುತ್ತದೆ. ಅಂದರೆ ಗೆಳೆಯನ ಮೆಸೇಜು ಅಡುಗೆಮನೆಗೂ ಕೇಳಿಸುತ್ತದೆ, ಅಲ್ವಾ? ಇಲ್ಲ. ರೂಢಿಯಾದವರು ಅದರ ವೇಗವನ್ನು ಎಷ್ಟು ಏರಿಸಿಕೊಂಡಿರುತ್ತಾರೆಂದರೆ ಬೇರೆಯವರಿಗೆ ಒಂದು ಪದವೂ ಸಿಗುವುದಿಲ್ಲ. ಬೇಕೆಂದರೆ ಪರದೆಯನ್ನೂ ಕಪ್ಪಾಗಿಸಬಹುದು. ಅಮ್ಮ ಪಕ್ಕದಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರೂ ಇವಳ ಚಾಟ್ ಆರಾಮಾಗಿ ನಡೆಯುತ್ತದೆ. ಇಂಥ ಹುಡುಗಿಯನ್ನು ಕಂಡು ಯಾರೂ 'ಪಾಪ' ಅನ್ನುವುದಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೂ ಸುಮ್ನೆ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅಲ್ಲಿ ಒಂದಿಡೀ ಅಧ್ಯಾಯ ಇದೆ ಮಾರಾಯ್ರೆ! ಇಂಥ ಮಕ್ಕಳಿಗೆ ಉತ್ತರ ಬರೆದುಕೊಡಲು ಒಬ್ಬರು ಇರುತ್ತಾರೆ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಉಂಟು. ಬರೆಯುವವನು ಒಂಬತ್ತನೇ ಕ್ಲಾಸಿನ ಹುಡುಗ ಅಂತಿಟ್ಟುಕೊಳ್ಳಿ. ‘ದ್ಯುತಿಸಂಶ್ಲೇಷಣೆ’ ಅಂದಾಗ ಅವನ ಪೆನ್ನು ನಿಂತುಬಿಡುತ್ತದೆ. ಇವಳು ಪಿಸುದನಿಯಲ್ಲೇ ಗದರುತ್ತಾಳೆ. ಅವನಿಗೆ ಅಳುವೇ ಬರುವಂತಾಗುತ್ತದೆ. ಉಳಿದವರೆಲ್ಲ ಎದ್ದು ಹೋದ ಮೇಲೂ ಮುಖ ಊದಿಸಿಕೊಂಡು ಇಬ್ಬರೂ ಒಟ್ಟಿಗೆ ಕೂತಿರಬೇಕು.

‘ಅಂಗವಿಕಲ ಮಗುವನ್ನು ಜಗಳಗಂಟಿ ಮಾಡಿದರೆ ಓದುವವರಿಗೆ ಬೇಜಾರಾಗಲ್ವಾ ಮೇಡಂ?’ ಅಂತ ಒಬ್ಬ ಲೇಖಕರು ಕೇಳಿದರು. ಅವರದೇ ಕಾದಂಬರಿಯಲ್ಲಿ ಆ ಮಗುವಿನ ಅಣ್ಣ ಪುಟಕ್ಕೊಂದು ಜಗಳ ತೆಗೆಯುತ್ತಿದ್ದ. ಆ ಬಗ್ಗೆ ಅವರಿಗೇನೂ ಚಿಂತೆ ಇರಲಿಲ್ಲ.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಎರಡೇ: ಕುರುಡು ಮತ್ತು ಗಾಲಿಕುರ್ಚಿ. ಹಿಮೋಫಿಲಿಯಾ ಕೂಡ ಆ ಪಟ್ಟಿಯಲ್ಲಿದೆ. ರಕ್ತ ಬೇಗ ಹೆಪ್ಪುಗಟ್ಟದ ಹುಡುಗನೊಬ್ಬ ಮನೆಯಲ್ಲಿ ಹೇಳದೆ ಕಬಡ್ಡಿ ಆಡೋಕೆ ಹೋದರೆ? ಯಾರಾದರೂ ಬರೆಯಿರಿ, ಬೇರೆಲ್ಲ ಬದಿಗಿಟ್ಟು ಅದನ್ನೇ ಮೊದಲು ಓದುತ್ತೇನೆ.