ದೊಂಬರಾಟ ಎಂಬ ತಲೆಬರಹ

ಮೈಸೂರಿನ ದಿನಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿ ವರದಿಗಳನ್ನು ತಿದ್ದುವುದು ನನ್ನ ಕೆಲಸ. ಒಂದು ಪದವನ್ನು ಉಳಿಸಬೇಕೋ ತೆಗೆಯಬೇಕೋ ಎಂಬ ಪ್ರಶ್ನೆ ಬಂದಾಗ, ಅದರ ಹುಟ್ಟು ಎಷ್ಟು ಕೆಟ್ಟದ್ದು ಎಂದು ಕೆದಕುವುದಕ್ಕಿಂತ, ಅದರೊಳಗೆ ಅಡಗಿರುವ ಹೆಸರಿನ ಜನ ಇಂದಿಗೂ ಆ ಹೆಸರಿನಲ್ಲೇ ಬದುಕುತ್ತಿದ್ದಾರೆಯೇ ಎಂದು ಮೊದಲು ನೋಡಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

ಇದನ್ನು ಸ್ಪಷ್ಟಪಡಿಸಿದ್ದು ‘ದೊಂಬರಾಟ’. ಶಾಸಕರು ಪಕ್ಷ ಬದಲಿಸಿದಾಗಲೋ, ಪಾಲಿಕೆಯಲ್ಲಿ ಮೇಯರ್ ಚುನಾವಣೆ ಬಂದಾಗಲೋ ಈ ಪದ ತಲೆಬರಹಕ್ಕೆ ತಾನಾಗಿ ಬಂದು ಕೂರುತ್ತದೆ. ಚಿಕ್ಕದು, ಎರಡು ಕಾಲಂಗೆ ಸರಿಹೊಂದುತ್ತದೆ, ಯಾರಿಗೂ ವಿವರಿಸಬೇಕಿಲ್ಲ. ಆದರೆ ದೊಂಬರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಒಂದು ಸಮುದಾಯ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಗಳ ನೆಟ್ಟು, ಹಗ್ಗ ಬಿಗಿದು, ಡೋಲಿನ ಸದ್ದಿಗೆ ಅದರ ಮೇಲೆ ನಡೆದು ಹೊಟ್ಟೆ ಹೊರೆದವರು ಅವರು. ಒಂದು ಹೆಜ್ಜೆ ತಪ್ಪಿದರೆ ಸೊಂಟ ಮುರಿಯುವ ಆ ವಿದ್ಯೆಗೂ ರೆಸಾರ್ಟಿನಲ್ಲಿ ಕುಳಿತು ನಡೆಸುವ ಚೌಕಾಸಿಗೂ ಏನು ಹೋಲಿಕೆಯೋ ನನಗೆ ತಿಳಿಯದು. ಆ ಸಮುದಾಯದ ಹುಡುಗನೊಬ್ಬ ತನ್ನ ಜಾತಿ ಪ್ರಮಾಣಪತ್ರದಲ್ಲಿರುವ ಹೆಸರನ್ನೇ ನಮ್ಮ ಮುಖಪುಟದಲ್ಲಿ ಬೈಗುಳವಾಗಿ ಓದಬೇಕಾಗುತ್ತದೆ. ನಮ್ಮ ಡೆಸ್ಕಿನಲ್ಲಿ ಈಗ ‘ಕಸರತ್ತು’ ಎಂದು ಬರೆಯುತ್ತೇವೆ. ತಲೆಬರಹದ ಖಾರ ಹೋಯಿತೆಂದು ಹಿರಿಯ ವರದಿಗಾರರೊಬ್ಬರು ಗೊಣಗಿದರು. ಅವರ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ.

ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳನ್ನು ಕನ್ನಡಿಸುವಾಗಿನ ತೊಡಕು ಇನ್ನೊಂದು ಬಗೆಯದು. ನಿರ್ಬಂಧಗಳಿಗೆ ಒಳಗಾಗಿ ಒಂಟಿಯಾದ ದೇಶವನ್ನು ಇಂಗ್ಲಿಷಿನಲ್ಲಿ ‘ಪರಾಯಾ’ ದೇಶ ಎನ್ನುತ್ತಾರೆ. ಅದು ತಮಿಳುನಾಡಿನ ಪರೈಯರ್ ಸಮುದಾಯದ ಹೆಸರು; ಪರೈ ಎಂದರೆ ಅವರು ಬಾರಿಸುವ ತಮಟೆ. ಅದನ್ನು ‘ಅಸ್ಪೃಶ್ಯ ರಾಷ್ಟ್ರ’ ಎಂದು ಅನುವಾದಿಸಿದರೆ ಅವಮಾನ ಇಮ್ಮಡಿಯಾಗುತ್ತದೆಯೇ ಹೊರತು ಅರ್ಥವೇನೂ ಹೆಚ್ಚುವುದಿಲ್ಲ. ‘ಎಲ್ಲರೂ ದೂರವಿಟ್ಟ ದೇಶ’ ಎಂದರೆ ಸಾಕು. ಸ್ವತ್ತನ್ನು ಬೇಕೆಂದೇ ಹಾಳುಗೆಡಹುವುದಕ್ಕೆ ಬಳಸುವ ‘ವ್ಯಾಂಡಲಿಸಂ’ ಪದವನ್ನು ಮಾತ್ರ ನಾನು ತಿದ್ದುವುದಿಲ್ಲ. 455ರಲ್ಲಿ ರೋಮ್ ನಗರವನ್ನು ಲೂಟಿ ಮಾಡಿದ ವ್ಯಾಂಡಲರ ಹೆಸರನ್ನು ಫ್ರಾನ್ಸಿನ ಪಾದ್ರಿ ಆಂರಿ ಗ್ರೆಗ್ವಾರ್ 1794ರಲ್ಲಿ ಕ್ರಾಂತಿಕಾಲದ ಸ್ಮಾರಕಧ್ವಂಸಕ್ಕೆ ಅಂಟಿಸುವ ಹೊತ್ತಿಗೆ, ಆ ಜನ ಬೇರೆ ಜನರಲ್ಲಿ ಕರಗಿಹೋಗಿ ಸಾವಿರ ವರ್ಷ ದಾಟಿತ್ತು.

‘ಬರ್ಬರ ಹತ್ಯೆ’ಯ ವಿಷಯದಲ್ಲಿ ನನ್ನ ನಿಯಮ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಸಂಸ್ಕೃತದ ಬರ್ಬರ, ಗ್ರೀಕರ ಬಾರ್ಬರೋಸ್ ಎರಡೂ ತಮಗೆ ಅರ್ಥವಾಗದ ಮಾತನ್ನಾಡುವ ಪರಕೀಯರನ್ನು ಅಣಕಿಸಿದ ಪದಗಳು. ಉತ್ತರ ಆಫ್ರಿಕಾದ ಬೆರ್ಬೆರರ ಮೇಲೆ ಹೊರಗಿನವರು ಹೊರಿಸಿದ ಹೆಸರೂ ಇದೇ ಬುಡದ್ದು. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಝಿಗ್ ಎಂದು, ಮೊರಾಕ್ಕೊದ 2011ರ ಸಂವಿಧಾನವು ಅವರ ಭಾಷೆಗೆ ಅಧಿಕೃತ ಸ್ಥಾನ ಕೊಟ್ಟಿರುವುದೂ ಆ ಹೆಸರಿನಲ್ಲಿಯೇ. ಹಾಗಾಗಿ ಆ ಜನರ ಬಗ್ಗೆ ಬರೆಯುವಾಗ ಅವರ ಹೆಸರನ್ನೇ ಬಳಸುತ್ತೇನೆ. ಕೊಲೆಯ ಸುದ್ದಿಯಲ್ಲೂ ‘ಬರ್ಬರ’ವನ್ನು ಹೊಡೆದುಹಾಕುತ್ತೇನಾದರೂ ಅದಕ್ಕೆ ಕಾರಣ ಬೇರೆ: ಬರ್ಬರವಲ್ಲದ ಕೊಲೆ ಯಾವುದಿದೆ?

ಅಪರಾಧ ವರದಿಗಳಲ್ಲಿ ಇನ್ನೂ ಬರುತ್ತಿರುವುದು ‘ಕಿರಾತಕ’. ನೇಪಾಳ ಮತ್ತು ಸಿಕ್ಕಿಂನ ರಾಯಿ, ಲಿಂಬು ಜನ ತಮ್ಮನ್ನು ಕಿರಾತರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 634ರ ಐಹೊಳೆ ಶಾಸನವು ಕಾಳಿದಾಸನೊಂದಿಗೆ ಹೆಸರಿಸುವ ಭಾರವಿಯ ಕಾವ್ಯದಲ್ಲಿ ಸಾಕ್ಷಾತ್ ಶಿವನೇ ಕಿರಾತನಾಗಿ ಬಂದು ಅರ್ಜುನನೊಡನೆ ಕಾದುತ್ತಾನೆ. ಪುಟ ಮುದ್ರಣಕ್ಕೆ ಹೋಗುವ ಧಾವಂತದಲ್ಲಿ ವರದಿಗಾರನ ಮುಂದೆ ಇಷ್ಟನ್ನೆಲ್ಲ ಬಿಚ್ಚಿಡಲು ನಾನು ಹೋಗುವುದಿಲ್ಲ. ನ್ಯಾಯಾಲಯ ತೀರ್ಪು ನೀಡುವವರೆಗೆ ‘ಆರೋಪಿ’ ಎಂದಷ್ಟೇ ಬರೆಯಬೇಕೆಂಬ ಹಳೆಯ ನಿಯಮವನ್ನು ನೆನಪಿಸುತ್ತೇನೆ, ಅವನು ಮರುಮಾತಿಲ್ಲದೆ ತಿದ್ದಿ ಕಳಿಸುತ್ತಾನೆ.