ಗಾಳಿ ಹುಡುಕಿದ ಶನಿವಾರ

ಬ್ಲೋವರ್ ಡೋರ್ ಅಂತ ಕೇಳಿ ಏನೋ ಭಾರಿ ಯಂತ್ರ ಬರುತ್ತೆ ಅಂದುಕೊಂಡಿದ್ದೆ. ಕಾರಿನ ಡಿಕ್ಕಿಯಿಂದ ಇಳಿದದ್ದು ಒಂದು ಫ್ಯಾನ್, ಒಂದಷ್ಟು ಅಲ್ಯೂಮಿನಿಯಂ ಪಟ್ಟಿ, ಒಂದು ಕೆಂಪು ನೈಲಾನ್ ಬಟ್ಟೆ, ಒತ್ತಡ ತೋರಿಸುವ ಅಂಗೈಯಗಲದ ಮೀಟರು. ಅಷ್ಟೇ. ಬಟ್ಟೆಯನ್ನು ಮುಂಬಾಗಿಲ ಚೌಕಟ್ಟಿಗೆ ಬಿಗಿದು, ಅದರ ತೂತಿಗೆ ಫ್ಯಾನ್ ಕೂರಿಸಿ, ಮನೆಯೊಳಗಿನ ಗಾಳಿಯನ್ನು ಹೊರಗೆ ಎಳೆಯಬೇಕು. ಆಗ ಗೋಡೆಯಲ್ಲಿ ಎಲ್ಲೆಲ್ಲಿ ಸಂದು ಇದೆಯೋ ಅಲ್ಲೆಲ್ಲ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಅದನ್ನು ಹಿಡಿಯುವುದೇ ಕೆಲಸ.

ನಾನಾಗ ಅಮೆರಿಕದ ಮಿಷಿಗನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಮೆಕ್ಯಾನಿಕಲ್ ವಿಭಾಗದ ಕೊನೆಯ ವರ್ಷದ ಹುಡುಗರ ಪ್ರಾಜೆಕ್ಟ್‌ಗೆ ಟಿ.ಎ., ಅಂದರೆ ಬೋಧನಾ ಸಹಾಯಕ, ಆಗಿದ್ದೆ. ಕೆಲವು ತಂಡಗಳಿಗೆ ಕಾರು ಕಂಪನಿಗಳ ಕೆಲಸ ಸಿಕ್ಕಿತ್ತು. ನನ್ನ ಪಾಲಿಗೆ ಬಂದ ತಂಡಕ್ಕೆ ಸಿಕ್ಕಿದ್ದು, ಕಡಿಮೆ ಆದಾಯದವರಿಗೆ ಮನೆ ಕಟ್ಟಿಕೊಡುವ ಊರಿನ ಒಂದು ಸಂಸ್ಥೆ.

ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಹೆಸರು ನೀವು ಕೇಳಿರಬಹುದು. 1976ರಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಅನ್ನುವ ಊರಲ್ಲಿ ಮಿಲ್ಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಶುರು ಮಾಡಿದ್ದು. ಪಕ್ಕದ ಪ್ಲೇನ್ಸ್ ಊರಿನವರಾದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಸುತ್ತಿಗೆ ಹಿಡಿದು ನಿಂತ ಮೇಲೆ ಅದು ಲೋಕಕ್ಕೆಲ್ಲ ಗೊತ್ತಾಯಿತು. 2006ರಲ್ಲಿ ಅವರು ನಮ್ಮ ಲೋನಾವಳದ ಹತ್ತಿರಕ್ಕೂ ಬಂದು ಮನೆ ಕಟ್ಟಿದ್ದರು. ನಮ್ಮ ತಂಡಕ್ಕೆ ಸಿಕ್ಕ ಸಂಸ್ಥೆ ಬೇರೆ, ಆದರೆ ನಡೆಯುತ್ತಿದ್ದ ದಾರಿ ಅದೇ. ಮನೆ ಪುಕ್ಕಟೆ ಅಲ್ಲ. ಲಾಭ ಇಟ್ಟುಕೊಳ್ಳದೆ ಮಾರುತ್ತಾರೆ, ಆದಾಯದ ಸುಮಾರು ಮೂರನೇ ಒಂದು ಪಾಲು ಮೀರದ ಹಾಗೆ ತಿಂಗಳ ಕಂತು ಹಾಕುತ್ತಾರೆ. ಮನೆ ಪಡೆಯುವವರು ನೂರಾರು ಗಂಟೆ ತಾವೂ ಸೈಟಿನಲ್ಲಿ ದುಡಿಯಬೇಕು. ಉಳಿದ ಕೈಗಳು ಶನಿವಾರ ಬರುವ ಸ್ವಯಂಸೇವಕರದ್ದು.

ಕಂತಿಗೆ ಮಿತಿ ಇದೆ, ಸರಿ. ಮನೆ ಬೆಚ್ಚಗಿಡುವ ಗ್ಯಾಸಿನ ಜನವರಿ ಬಿಲ್ಲಿಗೆ ಮಿತಿ ಹಾಕುವವರು ಯಾರು? ಸೈಟಿನ ಮೇಲ್ವಿಚಾರಕರು ಮೊದಲ ಭೇಟಿಯಲ್ಲೇ ಹೇಳಿದ್ದು ಇದನ್ನೇ. ಕಾರು ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಹಿಂದೆ ಕಟ್ಟಿಕೊಟ್ಟ ಮನೆಯವರು ಬಿಲ್ಲು ತಂದು ತೋರಿಸುತ್ತಿದ್ದರಂತೆ. "ಮನೆ ಅಗ್ಗ, ಆದರೆ ಅದರಲ್ಲಿ ಇರೋದು ದುಬಾರಿ. ಗಾಳಿ ಎಲ್ಲಿ ಸೋರ್ತಿದೆ ನೋಡಿ ಹೇಳಿ" ಅಂದರು.

ಹುಡುಗರ ತಲೆಯಲ್ಲಿ ಇದ್ದದ್ದು ಬೇರೆ. ಪ್ರೊಫೆಸರ್ ಮೊದಲ ತರಗತಿಯಲ್ಲಿ ಬಿಸಿಲಿನ ಶಕ್ತಿಯಿಂದ ನಡೆಯುವ ಮನೆ ಕಟ್ಟುವ ಕಾಲೇಜು ತಂಡಗಳ 2011ರ ಸೋಲಾರ್ ಡೆಕಾತ್ಲಾನ್ ಸ್ಪರ್ಧೆಯ 'ಎಂಪವರ್‌ಹೌಸ್' ತೋರಿಸಿದ್ದರು. ಪಾರ್ಸನ್ಸ್ ಮತ್ತು ಸ್ಟೀವನ್ಸ್ ಕಾಲೇಜುಗಳ ವಿದ್ಯಾರ್ಥಿಗಳು ವಾಷಿಂಗ್ಟನ್ನಿನ ಹ್ಯಾಬಿಟಾಟ್ ಜೊತೆ ಸೇರಿ ಮಾಡಿದ್ದು ಅದು. ಪ್ಯಾಸಿವ್ ಹೌಸ್ ಲೆಕ್ಕದ, ಅಂದರೆ ತೀರಾ ಕಡಿಮೆ ಶಕ್ತಿ ಸಾಕಾಗುವ ಮನೆ. ಸ್ಪರ್ಧೆ ಮುಗಿದ ಮೇಲೆ ಡೀನ್‌ವುಡ್ ಬಡಾವಣೆಯಲ್ಲಿ ಅದು ನಿಜವಾದ ವಾಸದ ಮನೆಯಾಯಿತು. ಅದನ್ನು ನೋಡಿದ ಮೇಲೆ ಸಂದಿಗೆ ಫೋಮು, ಅಂದರೆ ಉಬ್ಬಿ ಗಟ್ಟಿಯಾಗುವ ನೊರೆ, ತುಂಬುವ ಕೆಲಸ ಯಾವ ಹುಡುಗರಿಗೆ ರುಚಿಸುತ್ತೆ?

ನವೆಂಬರ್ ಚಳಿಯ ಆ ಬೆಳಗ್ಗೆ ಫ್ಯಾನ್ ಹಾಕುವ ಮುಂಚೆಯೇ ಅರ್ಧ ಗಂಟೆಯ ತಯಾರಿ ಇತ್ತು. ಕಿಟಕಿಗಳನ್ನೆಲ್ಲ ಹಾಕಿ ಚಿಲಕ ಬಿಗಿದೆವು. ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಆರಿಸಿದೆವು, ಇಲ್ಲದಿದ್ದರೆ ಅದರ ಹೊಗೆ ಚಿಮಣಿ ಬಿಟ್ಟು ಮನೆಯೊಳಕ್ಕೇ ಬಂದುಬಿಡುತ್ತದೆ. ಸಿಂಕು, ಬಚ್ಚಲು ಎಲ್ಲದಕ್ಕೂ ಒಂದೊಂದು ಚೊಂಬಿನಷ್ಟು ನೀರು ಸುರಿದೆವು. ಹೊಸ ಮನೆಯಲ್ಲಿ ಪೈಪಿನ ಬಾಗು ಒಣಗಿದ್ದರೆ ಗಾಳಿ ಅಲ್ಲಿಂದಲೂ ಬರುತ್ತೆ, ಲೆಕ್ಕ ಕೆಡುತ್ತೆ.

ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸವನ್ನು 50 ಪಾಸ್ಕಲ್‌ಗೆ ನಿಲ್ಲಿಸಬೇಕು. ಅಂದರೆ ಬರೀ 5 ಮಿಲಿಮೀಟರ್ ನೀರಿನ ಒತ್ತಡ. ಆದರೆ ಮನೆಗೆ ಅದು ಗಂಟೆಗೆ 30 ಕಿಲೋಮೀಟರ್ ದಾಟಿದ ಗಾಳಿ ನಾಲ್ಕೂ ಕಡೆಯಿಂದ ಒಟ್ಟಿಗೆ ಬೀಸಿದ ಹಾಗೆ. ಮೀಟರು ನಿಮಿಷಕ್ಕೆ 700 ಘನ ಅಡಿ ಗಾಳಿ ತೋರಿಸಿತು. ಮನೆ 1,100 ಚದರ ಅಡಿ, ಎತ್ತರ 8 ಅಡಿ. ಲೆಕ್ಕ ಹಾಕಿದರೆ ಗಂಟೆಗೆ 4.8 ಸಲ ಮನೆಯ ಗಾಳಿ ಪೂರಾ ಬದಲಾಗುತ್ತಿತ್ತು. ಮನೆ ಕಟ್ಟುವಾಗ ಶಕ್ತಿ ಉಳಿಸಲು ಇರುವ ಅಲ್ಲಿನ ಮಾದರಿ ನಿಯಮ, ಅಂದರೆ ಇಂಧನ ಸಂಹಿತೆ, 2012ರ ಆವೃತ್ತಿಯಲ್ಲಿ ಚಳಿಯ ಪ್ರದೇಶಕ್ಕೆ ಹೇಳಿದ್ದು ಹೆಚ್ಚೆಂದರೆ 3. ರಾಜ್ಯಗಳು ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತವೆ, ಆ ಮಾತು ಬೇರೆ. ಪ್ಯಾಸಿವ್ ಹೌಸ್‌ಗೆ ಬೇಕಾದದ್ದು 0.6. ಹುಡುಗರ ಮುಖ ಸಪ್ಪಗಾಯಿತು.

ಸಂದು ಪತ್ತೆ ಮಾಡಲು ಹೊಗೆ ಬಿಡುವ ಪೆನ್ಸಿಲ್ ತಂದಿದ್ದರು. ಅದು ಬೇಗ ಮುಗಿದುಹೋಯಿತು. ನಾನು ರೂಮಿಗೆ ಹೋಗಿ ಅಮ್ಮ ಕಟ್ಟಿಕೊಟ್ಟಿದ್ದ ಊದಿನಕಡ್ಡಿ ಪೊಟ್ಟಣ ತಂದೆ. ತಮಾಷೆಯಲ್ಲ, ಅಲ್ಲಿನ ಎಷ್ಟೋ ಕೆಲಸಗಾರರು ಇದನ್ನೇ ಬಳಸುತ್ತಾರೆ. ಹೊಸ ಫೋಮಿನ ಹತ್ತಿರ ಮಾತ್ರ ಹಿಡಿಯಬಾರದು, ಬೆಂಕಿ ಹತ್ತಬಹುದು. ಆ ಮನೆಗೆ ಬರಲಿದ್ದಾಕೆ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸದವರು, ರಾತ್ರಿ ಪಾಳಿ ಮುಗಿಸಿ ನೇರ ಸೈಟಿಗೆ ಬಂದಿದ್ದರು. ಒಂದು ಕಡ್ಡಿ ಅವರೂ ಹಿಡಿದರು. ಎಲ್ಲರಿಗಿಂತ ಚುರುಕಾಗಿ ಹುಡುಕಿದವರು ಅವರೇ. ಬಿಲ್ಲು ಕಟ್ಟಬೇಕಾದವರು ಅಲ್ವಾ!

ಅಟ್ಟದ ಮುಚ್ಚಳದ ಸುತ್ತ ಹೊಗೆ ಚೆದುರಿತು. ಅದು ನಿರೀಕ್ಷೆ ಇದ್ದದ್ದೇ. ಹೊರಗೋಡೆಯ ಸ್ವಿಚ್‌ಬೋರ್ಡುಗಳಲ್ಲೂ ಸ್ವಲ್ಪ. ಆದರೆ ಜಾಸ್ತಿ ಗಾಳಿ ಬಂದದ್ದು ಸ್ನಾನದ ತೊಟ್ಟಿಯ ಹಿಂದಿನಿಂದ. ಪ್ಲಂಬಿಂಗಿಗೆ ಅಂತ ಬಿಟ್ಟಿದ್ದ ಸಣ್ಣ ಬಾಗಿಲು ತೆಗೆದು ಕೈ ಒಡ್ಡಿದರೆ ಫ್ರಿಜ್ಜಿನೊಳಗೆ ಕೈ ಇಟ್ಟಷ್ಟು ತಣ್ಣಗೆ.

ಯಾಕೆ ಅಂತ ಕೆದಕಿದಾಗ ತಿಳಿದದ್ದು ಇದು. ಮರದ ಚೌಕಟ್ಟು ನಿಂತ ಕೂಡಲೇ ಲೈಸೆನ್ಸ್ ಇರುವ ಪ್ಲಂಬರ್ ಬಂದು ತೊಟ್ಟಿ ಕೂರಿಸಿ ಹೋಗುತ್ತಾರೆ. ಅವರು ಬರುವುದು ವಾರದ ಮಧ್ಯೆ. ಗೋಡೆಗೆ ಚಳಿ ತಡೆಯುವ ಗಾಜಿನ ಉಣ್ಣೆ ತುಂಬಿ ಜಿಪ್ಸಮ್ ಹಲಗೆ ಹೊಡೆಯುವ ಸ್ವಯಂಸೇವಕರು ಬರುವುದು ಆಮೇಲಿನ ಶನಿವಾರಗಳಲ್ಲಿ. ಅಷ್ಟರಲ್ಲಿ ತೊಟ್ಟಿ ಅಡ್ಡ ನಿಂತಿರುತ್ತದೆ. ಹಲಗೆ ತೊಟ್ಟಿಯ ಅಂಚಿನವರೆಗೆ ಬಂದು ನಿಲ್ಲುತ್ತದೆ, ಅದರ ಹಿಂದೆ ಗೋಡೆ ಬಯಲು. ಕೊಳವೆಗೆಂದು ನೆಲದಲ್ಲಿ ಕೊರೆದ ತೂತೂ ಅಲ್ಲೇ. ಪ್ಲಂಬರ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದರು, ಶನಿವಾರದವರೂ ಮಾಡಿದ್ದರು. ಬುಧವಾರಕ್ಕೂ ಶನಿವಾರಕ್ಕೂ ನಡುವೆ ಯಾರ ಲೆಕ್ಕಕ್ಕೂ ಬಾರದ ಜಾಗ ಅದು.

ತೊಟ್ಟಿ ಕೀಳುವ ಹಾಗಿಲ್ಲ. ಮನೆಯ ಅಡಿಯಲ್ಲಿ ತೆವಳಿ ಹೋಗಿ ಆ ತೂತಿಗೆ ಫೋಮು ಹೊಡೆದೆವು, ಅಟ್ಟದ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಅಂಟಿಸಿದೆವು. ಸಂಜೆ ಮತ್ತೆ ಅಳೆದಾಗ ಗಂಟೆಗೆ 4.8 ಸಲ ಇದ್ದದ್ದು 4.1ಕ್ಕೆ ಇಳಿದಿತ್ತು.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ದಾವಣಗೆರೆಯಲ್ಲಿ ಸೆಕೆ, ಅಲ್ಲಿ ಕಿಟಕಿ ಮೇಲೆ ವೆಂಟಿಲೇಟರ್ ಬೇರೆ ಬಿಡುತ್ತೇವೆ. "ಅಲ್ಲೋ, ಗಾಳಿ ಆಡ್ಲಿ ಅಂತ ತಾನೆ ಮನೆ ಕಟ್ಟೋದು? ನೀವೇನು ಹೀಗೆ ಮುಚ್ಕೊಂಡು ಕೂರ್ತೀರಿ?" ಅಂದರು. ಅಮ್ಮನ ಪ್ರಶ್ನೆ ಸರಿಯಾದದ್ದೇ. ಹೀಗೆ ಮುಚ್ಚಿದ ಮೇಲೆ ಬಚ್ಚಲಿನ ಫ್ಯಾನನ್ನು ಸಣ್ಣ ವೇಗದಲ್ಲಿ ಹೆಚ್ಚುಹೊತ್ತು ಓಡಿಸಿ ಬೇಕಾದಷ್ಟು ಗಾಳಿ ಬದಲಾಯಿಸಬೇಕು. ಇಲ್ಲದಿದ್ದರೆ ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತೆ.

ಹುಡುಗರು ಕೊನೆಗೆ ಕೊಟ್ಟದ್ದು ಒಂದು ಹಾಳೆ. ಪ್ಲಂಬರ್ ಬರುವ ಮುಂಚಿನ ಶನಿವಾರ ತೊಟ್ಟಿಯ ಹಿಂದಿನ ಅಷ್ಟು ಗೋಡೆಗೆ ಉಣ್ಣೆ ತುಂಬಿ, ತೆಳು ಹಲಗೆ ಹೊಡೆದು, ಅಂಚಿಗೆ ಸೀಲು ಹಾಕಿ ಅಂತ ಚಿತ್ರ. ಮೊಳೆ ಹೊಡೆಯಲು ಬಂದರೆ ಸಾಕು, ಯಾರು ಬೇಕಾದರೂ ಮಾಡಬಹುದು. ವಿಮರ್ಶೆಯ ದಿನ ಪ್ರೊಫೆಸರೊಬ್ಬರು "ಇದರಲ್ಲಿ ಡಿಸೈನ್ ಎಲ್ಲಿದೆ?" ಅಂತ ಕೇಳಿದರು. ನನಗೆ ಸಿಟ್ಟೇ ಬಂತು. ಗೇರ್‌ಬಾಕ್ಸ್ ಇದ್ದರೆ ಮಾತ್ರ ಡಿಸೈನಾ? ಪುಣ್ಯಕ್ಕೆ ವಸಂತದಲ್ಲಿ ಮುಗಿದ ಮುಂದಿನ ಮನೆ 2.9 ತೋರಿಸಿತು. ಮೇಲ್ವಿಚಾರಕರು ಸಂಖ್ಯೆ ನೋಡಿ, ಮಳೆಗೆ ಹಾಳೆ ನೆನೆದು ಹರಿಯುತ್ತಿದೆ, ಪ್ಲಾಸ್ಟಿಕ್ ಹಾಕಿಸಿ ಕೊಡಿ ಅಂದರು. ಜೊತೆಗೆ ಇನ್ನೊಂದು ಕೆಲಸ ಹಚ್ಚಿದರು. ಅಟ್ಟದ ಮುಚ್ಚಳಕ್ಕೆ ಅಂಟಿಸಿದ ರಬ್ಬರ್ ಪಟ್ಟಿ ಒಂದೇ ಚಳಿಗಾಲಕ್ಕೆ ಸೆಟೆದು ಹೋಗಿತ್ತಂತೆ. ಗಟ್ಟಿಯಾಗಿ ಒತ್ತಿ ಕೂರುವ, ಪೇಟೆಯಲ್ಲಿ ಸಿಗುವುದಕ್ಕಿಂತ ಅಗ್ಗದ ಮುಚ್ಚಳವೊಂದು ಬೇಕು. ಅದನ್ನು ಮುಂದಿನ ವರ್ಷದ ತಂಡಕ್ಕೆ ಬರೆದಿಟ್ಟು ಬಂದೆವು.