ಬಾಂದಾದಲ್ಲಿ ಜಾಗ ಕೇಳುವವರಿಗೆ

ಇಂಡೋನೇಷ್ಯಾದ ಬಾಂದಾ ದ್ವೀಪಗಳಿಂದ ಮರಳಿದ ಮೇಲೆ ಕಟಪಾಡಿ ಪೇಟೆಯಲ್ಲಿ ಸಿಕ್ಕಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಸೆಂಟ್ಸಿಗೆ ಎಷ್ಟು?" ಬೆಂಗಳೂರಿನಲ್ಲಿರುವ ಅಳಿಯನಂತೂ, "ಮಾವ, ಸಮುದ್ರದ ಬದಿಯಲ್ಲೇ ಅರ್ಧ ಎಕರೆ ನೋಡಿ, ನಾವು ಸ್ನೇಹಿತರು ಸೇರಿ ದುಡ್ಡು ಹಾಕುತ್ತೇವೆ" ಎಂದು ಯಾರ ಪಾಲು ಎಷ್ಟೆಂಬ ಲೆಕ್ಕವನ್ನೂ ಕಳುಹಿಸಿದ್ದಾನೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದಿಡುತ್ತೇನೆ. ಅಲ್ಲಿ ನಮ್ಮಂಥವರು ಕೊಂಡುಕೊಳ್ಳುವ ಜಾಗವಿಲ್ಲ. ಹೋಗಿ ಇದ್ದು ಬರಲು ಮಾತ್ರ ಅಂಥ ಊರು ನಾನು ಬೇರೆ ನೋಡಿಲ್ಲ.

ನಾನು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನನ್ನ ಕೈಕೆಳಗೆ ಆಯಿಲರ್ ಆಗಿದ್ದ ಒಬ್ಬ ಇಂಡೋನೇಷ್ಯಾದವನು ಪ್ರತಿ ಸಲ ರಜೆ ಮುಗಿಸಿ ಬರುವಾಗ ಜಾಯಿಕಾಯಿಯ ಒಣಗಿಸಿದ ಸಿಹಿ ತುಂಡುಗಳನ್ನು ಡಬ್ಬಿಯಲ್ಲಿ ತರುತ್ತಿದ್ದ. ಅವನ ಊರು ಲೊಂಥೋಯಿರ್. ಮಲುಕು ಪ್ರಾಂತ್ಯದ ಬಾಂದಾ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಬಾಂದಾ ಬೆಸಾರ್‌ನಲ್ಲಿದೆ. ನಿವೃತ್ತಿಯ ಮೇಲೆ ಅವನು ಕರೆದ, ನಾನು ಹೋದೆ. ಜಕಾರ್ತಾದಿಂದ ಆ ಪ್ರಾಂತ್ಯದ ಮುಖ್ಯ ಊರು ಅಂಬೋನ್‌ವರೆಗೆ ವಿಮಾನ, ಅಲ್ಲಿಂದ ಸರಕಾರಿ ಕಂಪನಿ ಪೆಲ್ನಿಯ ಪ್ರಯಾಣಿಕರ ಹಡಗಿನಲ್ಲಿ ಒಂದು ರಾತ್ರಿ. ಸಮುದ್ರ ಶಾಂತವಾಗಿರುವ ತಿಂಗಳುಗಳಲ್ಲಿ ವೇಗದ ದೋಣಿಯೂ ಇರುತ್ತದೆ. ಪಕ್ಕದ ದ್ವೀಪ ಬಾಂದಾ ನೇರಾದಲ್ಲಿ ಚಿಕ್ಕದೊಂದು ವಿಮಾನ ನಿಲ್ದಾಣವಿದೆ, ಆದರೆ ಬರುವುದು ಪುಟ್ಟ ವಿಮಾನ, ಅದೂ ಹವಾಮಾನ ಒಪ್ಪಿದರೆ. ಹಡಗು ಬಂದರಿನ ಒಳಗೆ ಬರುವಾಗ ಗುನುಂಗ್ ಆಪಿ ಎಂಬ ಜ್ವಾಲಾಮುಖಿಯ ಬುಡದಲ್ಲೇ ಹಾದು ಬರುತ್ತದೆ. 600 ಮೀಟರಿಗೂ ಎತ್ತರದ ಬೆಟ್ಟ ನೇರವಾಗಿ ನೀರಿನಿಂದ ಎದ್ದು ನಿಂತಿದೆ. ಅದು ಕೊನೆಯ ಸಲ ಸಿಡಿದದ್ದು 1988ರಲ್ಲಿ. ಲಾವಾ ಹರಿದು ಸಮುದ್ರ ಸೇರಿದ ಕಡೆ ಈಗ ಹವಳ ದಟ್ಟವಾಗಿ ಬೆಳೆದಿದೆ. ಮುಳುಗು ಹಾಕಲು ಬರುವ ಪ್ರವಾಸಿಗಳು ಮೊದಲು ಕೇಳುವುದು ಆ ಜಾಗವನ್ನೇ.

ಲೊಂಥೋಯಿರ್ ಗುಡ್ಡದ ಊರು. ದೋಣಿ ಇಳಿದರೆ ಮೆಟ್ಟಿಲು, ಮೆಟ್ಟಿಲಿನ ಎರಡೂ ಬದಿಗೆ ಮನೆಗಳು, ಮನೆಗಳ ಮುಂದೆ ಗೋಣಿಯ ಮೇಲೋ ಸಿಮೆಂಟಿನ ಅಂಗಳದಲ್ಲೋ ಹರಡಿದ ಜಾಯಿಕಾಯಿ, ಜಾಪತ್ರೆ. ಹಸಿ ಜಾಪತ್ರೆಯ ಕೆಂಪು ನೋಡಿದ ಮೇಲೆ ಮಂಗಳೂರಿನ ಬಂದರಿನ ಅಂಗಡಿಗಳಲ್ಲಿ ಸಿಗುವುದು ಬೇರೆಯೇ ವಸ್ತು ಅನ್ನಿಸುತ್ತದೆ. ಗುಡ್ಡದ ಮೇಲೆ ಊರಿನವರೆಲ್ಲ ಪೂಜ್ಯವೆಂದು ತಿಳಿದಿರುವ ಬಾವಿ ಇದೆ. ಕೆಲವು ವರ್ಷಗಳಿಗೊಮ್ಮೆ ಊರೇ ಸೇರಿ ಅದರ ನೀರೆತ್ತಿ ತೊಳೆಯುತ್ತದೆ. ಊರು ಬಿಟ್ಟು ಹೋದವರೂ ಆ ಕೆಲಸಕ್ಕೆ ಬರುತ್ತಾರೆ. ನಮ್ಮಲ್ಲಿ ದೈವದ ನೇಮಕ್ಕೆ ಮುಂಬಯಿಯಿಂದ ಜನ ಬರುವುದನ್ನು ಕಂಡವನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಬಾವಿ ದಾಟಿದರೆ ತೋಟ. ನನ್ನ ಹೆಂಡತಿಯ ತವರು ವಿಟ್ಲದ ಕಡೆ. ಅಲ್ಲಿ ಅಡಿಕೆಯ ನಡುವೆ ಜಾಯಿಕಾಯಿ ಹಾಕಿದ್ದಾರೆ, ಆದ್ದರಿಂದ ಗಿಡದ ಪರಿಚಯ ನನಗಿತ್ತು. ಮರದ ಮೂಲ ಊರನ್ನು ಕಾಣುವುದು ಬೇರೆ. ಹತ್ತೊಂಬತ್ತನೇ ಶತಮಾನಕ್ಕೆ ಮೊದಲು ಜಗತ್ತಿನ ಜಾಯಿಕಾಯಿಯೆಲ್ಲ ಹೆಚ್ಚು ಕಡಿಮೆ ಈ ಅಂಗೈಯಗಲದ ದ್ವೀಪಗಳಿಂದಲೇ ಹೋಗುತ್ತಿತ್ತು. ಇಲ್ಲಿ ಅದಕ್ಕೆ ನೆರಳು ಕೊಡುವುದು ಕೆನಾರಿ ಮರ, ಹಲಗೆಯಂತೆ ಹರಡಿದ ಬೇರುಗಳ ಮುಗಿಲೆತ್ತರದ ಮರ. ಅದರ ಬೀಜ ಬಾದಾಮಿಯಂತಿದೆ, ಬದನೆಯ ಪಲ್ಯಕ್ಕೆ ಅರೆದು ಹಾಕುತ್ತಾರೆ. ಕಾಯಿ ಒಡೆದು ಒಳಗಿನ ಕೆಂಪು ಕಂಡಾಗ ಬಿದಿರಿನ ಉದ್ದ ಕೋಲಿನ ತುದಿಗೆ ಕಟ್ಟಿದ ಸಣ್ಣ ಬುಟ್ಟಿಯಿಂದ ಒಂದೊಂದಾಗಿ ಕೊಯ್ಯುತ್ತಾರೆ. ನಮ್ಮವರು ಕಸಿ ಗಿಡ ತಂದು ಹೆಣ್ಣು ಮರವೇ ಬರುವಂತೆ ಮಾಡಿಕೊಳ್ಳುತ್ತಾರೆ. ಅಲ್ಲಿ ಬಹುಪಾಲು ಬೀಜದ ಗಿಡ, ಗಂಡೋ ಹೆಣ್ಣೋ ತಿಳಿಯಲು ಹೂ ಬಿಡುವವರೆಗೆ ಆರೇಳು ವರ್ಷ ಕಾಯಬೇಕು. ತುಂಬು ಫಸಲಿಗೆ ಇಪ್ಪತ್ತು ವರ್ಷ. ಗೆಳೆಯನ ಅಕ್ಕ ತಮ್ಮ ತೋಟ ತೋರಿಸುತ್ತಾ ಪ್ರತಿ ಮರವನ್ನೂ ಅದನ್ನು ನೆಟ್ಟವರ ಹೆಸರಿನಿಂದ ಹೇಳಿದರು. ಎಷ್ಟು ಅಳತೆಯ ಜಾಗ ಎಂದು ನಾನು ಕೇಳಿದಾಗ ಅವರು ಕೊಟ್ಟ ಉತ್ತರವೂ ಮರಗಳ ಲೆಕ್ಕದಲ್ಲೇ ಇತ್ತು. ಸೆಂಟ್ಸಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲದಿರಲು ಇದೂ ಒಂದು ಕಾರಣ.

ಆ ಮಣ್ಣಿನ ಕಥೆ ಗೊತ್ತಿಲ್ಲದೆ ಅಲ್ಲಿ ಹೋಗಿ ಜಾಗ ಕೇಳಬಾರದು. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸ್‌ಝೋನ್ ಕೂನ್ ಸೈನ್ಯ ತಂದು ಈ ದ್ವೀಪಗಳನ್ನು ವಶಪಡಿಸಿಕೊಂಡ. 40ಕ್ಕೂ ಹೆಚ್ಚು ಊರ ಹಿರಿಯರ ತಲೆ ಕಡಿಸಿದ. ಅದಕ್ಕೆ ಮೊದಲು ಸುಮಾರು 15,000 ಜನರಿದ್ದರೆಂದೂ ಉಳಿದವರು 1,000ದಷ್ಟು ಎಂದೂ ಅಂದಾಜು. ಮಿಕ್ಕವರು ಹಸಿವಿನಿಂದ ಸತ್ತರು, ದೋಣಿ ಹತ್ತಿ ಓಡಿದರು, ಗುಲಾಮರಾಗಿ ಸಾಗಿಸಲ್ಪಟ್ಟರು ಎಂಬುದೇ ಆ ಎರಡು ಅಂಕಿಗಳ ನಡುವಿನ ಕಥೆ. ಖಾಲಿಯಾದ ತೋಟಗಳನ್ನು 68 ಪಾಲು ಮಾಡಿ ಡಚ್ಚರಿಗೆ ಹಂಚಿದರು, ದುಡಿಯಲು ಬೇರೆ ದ್ವೀಪಗಳಿಂದಲೂ ನಮ್ಮ ಉಪಖಂಡದ ತೀರಗಳಿಂದಲೂ ಗುಲಾಮರನ್ನು ತಂದರು. ಪಕ್ಕದ ರುನ್ ದ್ವೀಪವನ್ನು 1667ರ ಬ್ರೆಡಾ ಒಪ್ಪಂದದಲ್ಲಿ ಇಂಗ್ಲಿಷರು ಡಚ್ಚರಿಗೆ ಬಿಟ್ಟರು, ಅತ್ತ ಅಮೆರಿಕದ ಮ್ಯಾನ್‌ಹಟನ್ ಇಂಗ್ಲಿಷರಿಗೆ ಉಳಿಯಿತು. ನಾನು ರುನ್‌ಗೆ ದೋಣಿಯಲ್ಲಿ ಹೋದೆ. ಹೊಳೆ ಇಲ್ಲ, ತೊರೆ ಇಲ್ಲ, ಮನೆಮನೆಗೆ ಮಳೆನೀರಿನ ತೊಟ್ಟಿ. ನ್ಯೂಯಾರ್ಕಿಗೆ ಬದಲಾದ ದ್ವೀಪ ಎಂದು ಪ್ರವಾಸಿಗಳು ಫೋಟೊ ತೆಗೆದುಕೊಳ್ಳುತ್ತಾರೆ. ಆ ಒಪ್ಪಂದದಲ್ಲಿ ಅಲ್ಲಿನ ಒಬ್ಬ ಮನುಷ್ಯನನ್ನೂ ಕೇಳಿರಲಿಲ್ಲ ಎಂಬುದು ನನಗೆ ಇಡೀ ದಿನ ಮನಸ್ಸಿನಿಂದ ಹೋಗಲಿಲ್ಲ.

ಈಗ ಕಾನೂನು. ಇಂಡೋನೇಷ್ಯಾದ ಭೂಮಿಯ ಮೂಲ ಕಾಯಿದೆ 1960ರದು. ಪೂರ್ಣ ಒಡೆತನ, ಅಲ್ಲಿನವರು ಹಕ್ ಮಿಲಿಕ್ ಎನ್ನುವುದು, ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ವಿದೇಶಿಯೊಬ್ಬನಿಗೆ ಪಿತ್ರಾರ್ಜಿತವಾಗಿ ಬಂದರೂ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಅಲ್ಲಿ ವಾಸದ ಪರವಾನಗಿ ಇರುವ ವಿದೇಶಿಗೆ ಸಿಗುವುದು ಹಕ್ ಪಾಕಾಯ್ ಎಂಬ ಬಳಕೆಯ ಹಕ್ಕು: 2021ರ ನಿಯಮದಂತೆ 30 ವರ್ಷ, ಮುಂದೆ 20ಕ್ಕೆ ವಿಸ್ತರಣೆ, ಆಮೇಲೆ 30ಕ್ಕೆ ನವೀಕರಣ. ನಮ್ಮ ಕಡೆಯ ಹಳಬರಿಗೆ ಹೇಳುವುದಾದರೆ ಇದು ತಲೆತಲಾಂತರಕ್ಕೆ ನಡೆಯುವ ಮೂಲಗೇಣಿಯೂ ಅಲ್ಲ, ಅವಧಿ ಬರೆದಿಟ್ಟ ಗೇಣಿ. ವಿದೇಶಿ ಬಂಡವಾಳದ ಕಂಪನಿ ಮಾಡಿದರೆ ಕಟ್ಟಡ ಕಟ್ಟುವ ಹಕ್ಕು ಸಿಗುತ್ತದೆ, ಆದರೆ ಅಂಥ ಕಂಪನಿಗೆ ಜಾಗ ಮತ್ತು ಕಟ್ಟಡ ಬಿಟ್ಟು 1,000 ಕೋಟಿ ರೂಪಯ್ಯಾ, ಅಂದರೆ ನಮ್ಮ 5 ಕೋಟಿ ರೂಪಾಯಿಗೂ ಹೆಚ್ಚು ಹೂಡಿಕೆ ತೋರಿಸಬೇಕಾಗುತ್ತದೆ. ನಾಲ್ಕು ಕೋಣೆಯ ಹೋಂಸ್ಟೇಗೆ ಇದು ಹೊಂದುವ ಮಾತಲ್ಲ. ಸಮುದ್ರದ ಬದಿಗೇ ಬೇಕೆನ್ನುವವರು ಇನ್ನೊಂದು ತಿಳಿದಿರಲಿ: ಉಬ್ಬರದ ಗೆರೆಯಿಂದ ಕನಿಷ್ಠ 100 ಮೀಟರ್ ತೀರದ ರಕ್ಷಣಾ ಪಟ್ಟಿ ಎಂಬ ನಿಯಮ ಅಲ್ಲಿಯೂ ಇದೆ, ನಮ್ಮ ಕರಾವಳಿ ನಿಯಂತ್ರಣ ವಲಯದ ಕಾನೂನು ಸಿಆರ್‌ಝಡ್‌ನ ಹಾಗೆ.

ಇಷ್ಟು ಹೇಳಿದರೆ ಕೂಡಲೇ ಬರುವ ಮಾತು, "ಅಲ್ಲಿಯವನೊಬ್ಬನ ಹೆಸರಿನಲ್ಲಿ ಮಾಡಿಸಿದರಾಯಿತು." ಅಳಿಯನೂ ಇದನ್ನೇ ಕೇಳಿದ, ನಿಮ್ಮ ಗೆಳೆಯನೇ ಇದ್ದಾನಲ್ಲ ಎಂದ. ಅದೇ 1960ರ ಕಾಯಿದೆಯ 26ನೇ ಕಲಮು ಇದಕ್ಕೆಂದೇ ಇದೆ. ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ವಿದೇಶಿಗೆ ಒಡೆತನ ದಾಟಿಸುವ ವ್ಯವಹಾರ ಅಸಿಂಧು, ಜಾಗ ಸರಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ಮರಳಿ ಕೇಳುವಂತಿಲ್ಲ. ಬಾಲಿಯಲ್ಲಿ ಹೀಗೆ ಇನ್ನೊಬ್ಬರ ಹೆಸರನ್ನು ಸಾಲವಾಗಿ ಪಡೆದು ಕಟ್ಟಿದ ಬಂಗಲೆಗಳ ವ್ಯಾಜ್ಯಗಳು ಧಾರಾಳ ಇವೆ. ಕಾನೂನು ಬದಿಗಿಟ್ಟರೂ ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಒಂದೇ ಎಂಜಿನಿನ ಬಿಸಿ ಉಂಡ ಗೆಳೆಯನ ಹೆಸರನ್ನು ಸುಳ್ಳು ಕಾಗದಕ್ಕೆ ಬಳಸುವುದು ನನ್ನಿಂದ ಆಗದು. ಅವನ ಮಕ್ಕಳ ಕಾಲಕ್ಕೆ ಆ ಕಾಗದ ಏನಾಗುತ್ತದೆ ಎಂದು ಯೋಚಿಸಿ.

ನಾನು ಇಷ್ಟು ಖಚಿತವಾಗಿ ಹೇಳಲು ನಮ್ಮ ಮನೆಯ ಕಥೆಯೇ ಕಾರಣ. ಅಜ್ಜ ಚಾಲಗೇಣಿಯ, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿಯ ಒಕ್ಕಲು. ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದು ಕೊಟ್ಟು, ಉಳಿದದ್ದರಲ್ಲಿ ಮಳೆಗಾಲ ದಾಟಿದವರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ, ದೇವರಾಜ ಅರಸರ ಕಾಲದ್ದು, ಗೇಣಿ ಜಮೀನನ್ನೆಲ್ಲ ಸರಕಾರಕ್ಕೆ ವಹಿಸಿ ಉಳುವವನಿಗೆ ಅರ್ಜಿ ಹಾಕುವ ಹಕ್ಕು ಕೊಟ್ಟಿತು. ತಂದೆ ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಆ ಜಾಗ ನಮ್ಮದಾಗಿರದಿದ್ದರೆ ನಾನು ಮೆರೀನ್ ಎಂಜಿನಿಯರಿಂಗ್ ಓದುವ ಪ್ರಶ್ನೆಯೇ ಇರಲಿಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ, ನಮ್ಮ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ಅಂದಿನಿಂದ ನಮ್ಮ ಆಸುಪಾಸಿನ ಗದ್ದೆಗಳಿಗೆ ಮಣ್ಣು ತುಂಬುವ ಟಿಪ್ಪರುಗಳು ಹೆಚ್ಚಾಗಿರುವುದನ್ನು ದಿನವೂ ನೋಡುತ್ತೇನೆ. ಬೇಲಿ ಹಾಕಿ ಗೇಟಿಗೆ ಬೀಗ ಜಡಿದು ಹೋದವರ ತೋಟದಲ್ಲಿ ತೆಂಗಿನಕಾಯಿ ಬಿದ್ದು ಮೊಳಕೆಯೊಡೆಯುತ್ತಿದೆ. ಮೀನುಗಾರರು ದೋಣಿ ಎಳೆಯುತ್ತಿದ್ದ ದಾರಿಗೆ ಈಗ ರೆಸಾರ್ಟಿನ ಗೋಡೆ ಅಡ್ಡ. ಈ ನೋವು ಇಟ್ಟುಕೊಂಡು ಇನ್ನೊಬ್ಬರ ದ್ವೀಪದಲ್ಲಿ ಅದನ್ನೇ ಮಾಡಲು ನನಗೆ ಮನಸ್ಸಾಗುವುದಿಲ್ಲ. 1960ರಲ್ಲಿ ಅವರು ಹಾಕಿದ ಗೆರೆ ಸರಿಯಾದ ಗೆರೆ ಎಂದೇ ನನ್ನ ನಂಬಿಕೆ.

ಹಾಗಾದರೆ ಲೊಂಥೋಯಿರ್‌ನವರಿಗೆ ಬದುಕು ಹಿತವೇ? ಅಲ್ಲ, ಅದನ್ನೂ ಹೇಳಬೇಕು. ಗಂಭೀರ ಕಾಯಿಲೆಯಾದರೆ ಅಂಬೋನ್‌ಗೆ ಸಾಗಬೇಕು, ನಡುವೆ ಇಡೀ ಬಾಂದಾ ಸಮುದ್ರ. ಜನವರಿ, ಫೆಬ್ರವರಿಯಲ್ಲಿ ಪಶ್ಚಿಮದ ಗಾಳಿ, ಜುಲೈ, ಆಗಸ್ಟ್‌ನಲ್ಲಿ ಪೂರ್ವದ್ದು, ಎರಡೂ ಕಾಲದಲ್ಲಿ ಸಣ್ಣ ದೋಣಿ ಹೊರಡುವುದಿಲ್ಲ, ಅಂಗಡಿಯಲ್ಲಿ ಈರುಳ್ಳಿ ಮುಗಿದರೆ ಮುಗಿಯಿತು. ಮುಂದೆ ಓದುವ ಮಕ್ಕಳು ಅಂಬೋನ್‌ಗೋ ಜಾವಾಕ್ಕೋ ಹೋಗುತ್ತಾರೆ, ಎಲ್ಲರೂ ಮರಳುವುದಿಲ್ಲ. ಜಾಯಿಕಾಯಿಯ ದರ ವ್ಯಾಪಾರಿ ಹೇಳಿದ್ದೇ ದರ. ಅಡಿಕೆ ಬೆಳೆಗಾರರಿಗೆ ನಮ್ಮಲ್ಲಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆ ಇರುವುದು ಎಷ್ಟು ದೊಡ್ಡ ಆಸರೆ ಎಂದು ಅಲ್ಲಿ ಕುಳಿತು ನನಗೆ ಅರಿವಾಯಿತು. ಗೆಳೆಯನಿಗೆ ಅದರ ವಿಚಾರ ಹೇಳಿದಾಗ ಅವನು ಬಹಳ ಪ್ರಶ್ನೆ ಕೇಳಿದ: ಸದಸ್ಯರ ಹಣ ಯಾರು ಹಿಡಿಯುತ್ತಾರೆ, ದರ ಬಿದ್ದ ವರ್ಷ ಏನು ಮಾಡುತ್ತಾರೆ. ಆ ದ್ವೀಪಕ್ಕೆ ನಮ್ಮಿಂದ ಹೋಗಬಹುದಾದ ಬಂಡವಾಳ ಇಂಥದು ಎಂದು ನನಗೆ ಅನ್ನಿಸುತ್ತದೆ.

ಅವರಿಂದ ನಮಗೆ ಬರಬಹುದಾದದ್ದೂ ಇದೆ. ಮಲುಕು ದ್ವೀಪಗಳಲ್ಲಿ ಸಾಸಿ ಎಂಬ ಕಟ್ಟಳೆಯಿದೆ. ಸಮುದ್ರದ ಒಂದು ಭಾಗವನ್ನೋ ತೋಟದ ಒಂದು ಬೆಳೆಯನ್ನೋ ಊರವರೇ ಸೇರಿ ಇಷ್ಟು ಕಾಲ ಮುಟ್ಟಬಾರದೆಂದು ಮುಚ್ಚುತ್ತಾರೆ, ತೆರೆಯುವ ದಿನವನ್ನೂ ಅವರೇ ಗೊತ್ತುಮಾಡುತ್ತಾರೆ. ಮಲ್ಪೆಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಎಂದರೆ ಅದು ಸರಕಾರದ ಆದೇಶ. ಅಲ್ಲಿ ಕಾಯುವವನು ಪಕ್ಕದ ಮನೆಯವನು. ಎರಡರ ಬಲವೂ ಬೇರೆ ಬೇರೆ, ಆದರೆ ಕಾವಲುಗಾರನ ಮುಖ ಪರಿಚಿತವಾಗಿದ್ದಾಗ ಕಳ್ಳತನ ಕಷ್ಟ.

ನಾನು ಮಾಡಿಕೊಂಡ ಏರ್ಪಾಡು ಸರಳ. ಗೆಳೆಯನ ಅಕ್ಕನ ಮನೆಯ ಮಹಡಿಯ ಕೋಣೆಗೆ ತಿಂಗಳ ಬಾಡಿಗೆ, ಊಟದ ಲೆಕ್ಕ ಬೇರೆ. ಜಾಯಿಕಾಯಿಯ ಹುಳಿ ಹಾಕಿದ ಮೀನು ಸಾರು ಅವರ ಕೈಯದೇ ಆಗಬೇಕು. ಅಕ್ಟೋಬರ್, ನವೆಂಬರ್ ಗಾಳಿ ಬದಲಾಗುವ ಶಾಂತ ಕಾಲ. ಭಾರತೀಯರಿಗೆ ಇಳಿದಲ್ಲೇ ಕೊಡುವ ವೀಸಾ 30 ದಿನಕ್ಕೆ, ಒಮ್ಮೆ 30 ದಿನ ವಿಸ್ತರಿಸಬಹುದು. ಆದರೆ ವಿಸ್ತರಣೆಯ ಕೆಲಸ ದೊಡ್ಡ ಊರಿನ ವಲಸೆ ಕಚೇರಿಯಲ್ಲಿ ಮುಗಿಸಿಕೊಳ್ಳುವುದು ಒಳ್ಳೆಯದು. ಹೆಂಡತಿಗೆ ಶಂಕರಪುರ ಮಲ್ಲಿಗೆಯ ಗಿಡಗಳನ್ನು ಬಿಟ್ಟು ಅಷ್ಟು ದಿನ ಬರಲಾಗುವುದಿಲ್ಲ, ಕೊಯ್ಯುವವರು ಸಿಕ್ಕಿದರೆ ಕೊನೆಯ ಎರಡು ವಾರಕ್ಕೆ ಬರುತ್ತೇನೆ ಎಂದಿದ್ದಾಳೆ. ಬರಬೇಕೆನ್ನುವವರು ಬನ್ನಿ. ಪೆಲ್ನಿಯ ವೇಳಾಪಟ್ಟಿ ತಿಂಗಳ ಮಟ್ಟಿಗೆ ಮಾತ್ರ ಸಿಗುತ್ತದೆ, ಅದನ್ನು ನೋಡಿದ ಮೇಲೆಯೇ ಅಂಬೋನ್ ವಿಮಾನದ ಟಿಕೆಟ್ ತೆಗೆಯಿರಿ. ವಾಪಸು ಬರುವಾಗ ಅಂಬೋನ್‌ನಲ್ಲಿ ಎರಡು ದಿನದ ಅಂತರ ಇಟ್ಟುಕೊಳ್ಳಿ. ನೇರಾದಲ್ಲಿ ಎಟಿಎಂ ಕೆಟ್ಟರೆ ಕೈಯಲ್ಲಿರುವ ನಗದೇ ಗತಿ, ಸಾಕಷ್ಟು ರೂಪಯ್ಯಾ ಅಂಬೋನ್‌ನಿಂದಲೇ ತನ್ನಿ.